ಬದಿಯಡ್ಕದ ಫೈಬರ್ ನೆಟ್: ಒಂದು ವಾರದ ಆನ್‌ಲೈನ್ ಕ್ಲಾಸ್ ಆದಮೇಲೆ

ಮಳೆಗೆ ಕಾಲೇಜಿಗೆ ರಜೆ, ಕಂಪ್ಯೂಟರ್ ಸೈನ್ಸ್ ಕ್ಲಾಸ್ ಮಾತ್ರ ಆನ್‌ಲೈನ್. ಊರಿನ ಕೇಬಲ್‌ನವರು ಹಾಕಿಕೊಟ್ಟ ಫೈಬರ್‌ಗೆ ಇದೇ ಸರಿಯಾದ ಪರೀಕ್ಷೆ. ಸ್ಪೀಡ್ ಚೆನ್ನಾಗಿದೆ. 6 ಜಿಬಿ ಹತ್ತಿರ ಇರುವ ಉಬುಂಟು 24.04 ಆಪರೇಟಿಂಗ್ ಸಿಸ್ಟಂ ಊಟ ಮುಗಿಸುವುದರೊಳಗೆ ಡೌನ್‌ಲೋಡ್ ಆಯಿತು. ತೊಂದರೆ ಗಾಳಿ ಬಂದಾಗ: ಕೇಬಲ್ ಬರುವುದು ಅಡಿಕೆ ತೋಟದ ಮಧ್ಯೆ, ಒಂದು ಸೋಗೆ ಬಿದ್ದರೂ ಮೋಡೆಮ್‌ನಲ್ಲಿ ಕೆಂಪು ಲೈಟ್, ಫೋನ್ ಮಾಡಿದರೆ ‘ನಾಳೆ ಬರ್ತೇವೆ’ ಅನ್ನುತ್ತಾರೆ, ಆ ನಾಳೆ ಯಾವಾಗ ಅಂತ ಮಾತ್ರ ಕೇಳಬೇಡಿ. ಕೋಡ್‌ನಲ್ಲಿ ಮಾಡಿದ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಇದ್ದದ್ದಕ್ಕೆ ಬಚಾವ್. ಕಮಿಟ್ ಮಾಡುವುದಕ್ಕೆ, ಅಂದರೆ ಬದಲಾವಣೆಯನ್ನು ನಮ್ಮ ಕಂಪ್ಯೂಟರಿನಲ್ಲೇ ದಾಖಲಿಸುವುದಕ್ಕೆ, ನೆಟ್ ಬೇಡ ಅಲ್ವಾ, ಲೈನ್ ಬಂದಮೇಲೆ ಸರ್ವರಿಗೆ ಪುಶ್ ಮಾಡಿದರಾಯಿತು (ಕಳಿಸಿದರಾಯಿತು). ಲೈವ್ ಕ್ಲಾಸಿಗೆ ಆ ದಾರಿಯಿಲ್ಲ, ಮೊಬೈಲ್ ಹಾಟ್‌ಸ್ಪಾಟ್ ಬೇಕೇ ಬೇಕು. ಕನೆಕ್ಷನ್ ತೆಗೆದುಕೊಳ್ಳುವವರು ಮೋಡೆಮನ್ನು ಇನ್ವರ್ಟರ್ ಲೈನಿಗೇ ಕೊಡಿಸಿ, ಕರೆಂಟ್ ಹೋದರೆ ಅದೂ ಸುಮ್ನೆ ಕೂರುತ್ತದೆ.