ಫೈನಲ್ ಇಯರ್ ಪ್ರಾಜೆಕ್ಟ್: ಟೈಟಲ್ ಓಕೆ ಆಯ್ತು ಅಂತ ಕೋಡ್ ಬರೆಯಲು ಕೂರಬೇಡಿ

ಕಂಪ್ಯೂಟರ್ ಸೈನ್ಸ್ ಕೊನೆಯ ವರ್ಷದ ಪ್ರಾಜೆಕ್ಟ್ ಈಗ ಶುರು ಮಾಡುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಸಿನಾಪ್ಸಿಸ್ ಕೊಟ್ಟಿದ್ದೀರಿ, ಟೈಟಲ್‌ಗೆ ಒಪ್ಪಿಗೆ ಸಿಕ್ಕಿದೆ. ಆದರೆ ಆ ಟೈಟಲ್ ನೋಡಿ ನಿಮ್ಮ ಗೈಡ್, ಎಚ್‌ಒಡಿ, ರಿವ್ಯೂ ಪ್ಯಾನೆಲ್ ಎಲ್ಲರೂ ಒಂದೇ ವಸ್ತುವನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾರಾ? ಅದನ್ನು ಬರೆಸಿಕೊಳ್ಳುವವರೆಗೆ ಲ್ಯಾಪ್‌ಟಾಪ್ ತೆರೆಯಬೇಡಿ. ಬರೆಸಿಕೊಳ್ಳದಿದ್ದರೆ ಏನಾಗುತ್ತದೆ ಅನ್ನುವುದನ್ನು ನಮ್ಮ ತಂಡ ಅನುಭವಿಸಿದೆ.

ನಮಗೆ ಡಿಪಾರ್ಟ್‌ಮೆಂಟ್ ಕೊಟ್ಟ ವಿಷಯ ಮುಖ ಗುರುತಿಸಿ ಹಾಜರಾತಿ ಹಾಕುವ ವ್ಯವಸ್ಥೆ. ವಿಟಿಯು ಕಾಲೇಜುಗಳಲ್ಲಿ ಇದು ತುಂಬಾ ಓಡಾಡುವ ವಿಷಯ. ಕೇಳಲು ಸುಲಭ, ಅಲ್ವಾ? ಗೈಡ್ ಅಂದುಕೊಂಡಿದ್ದು ಕ್ಲಾಸಿನ ಬಾಗಿಲಲ್ಲಿ ಒಂದು ಕ್ಯಾಮೆರಾ, ಒಬ್ಬೊಬ್ಬರಾಗಿ ಮುಖ ತೋರಿಸಿ ಒಳಗೆ ಬರುವುದು. ಎಚ್‌ಒಡಿ ಅಂದುಕೊಂಡಿದ್ದು ಲೆಕ್ಚರರ್ ಪೋಡಿಯಂ ಹತ್ತಿರ ನಿಂತು ಇಡೀ ಕ್ಲಾಸಿನ ಒಂದು ಫೋಟೋ ತೆಗೆದರೆ ಎಲ್ಲರ ಹಾಜರಾತಿ ಬೀಳುವುದು. ಪ್ಯಾನೆಲ್‌ನಲ್ಲಿದ್ದ ಇನ್ನೊಬ್ಬರು ವಿದ್ಯಾರ್ಥಿಗಳು ತಮ್ಮ ಮೊಬೈಲ್‌ನಲ್ಲಿ ಸೆಲ್ಫಿ ತೆಗೆಯುವ ಆಪ್ ಅಂದುಕೊಂಡಿದ್ದರು. ಟೈಟಲ್ ಒಂದೇ, ಮಾಡಬೇಕಾದ ಕೆಲಸ ಮೂರು ಬೇರೆ ಬೇರೆ. ಬಾಗಿಲ ಬಳಿ ಒಂದು ದೊಡ್ಡ ಮುಖ ಎದುರಿಗೆ ಸಿಗುತ್ತದೆ. ಇಡೀ ಕ್ಲಾಸಿನ ಫೋಟೋದಲ್ಲಿ ಹಿಂದಿನ ಬೆಂಚಿನವರ ಮುಖ ಪುಟ್ಟದು, ಅರ್ಧ ಮರೆಯಾಗಿರುತ್ತದೆ, ಕೆಲವರು ತಲೆ ಬಗ್ಗಿಸಿರುತ್ತಾರೆ. ಚಿತ್ರಗಳನ್ನು ಸಂಸ್ಕರಿಸುವ ಉಚಿತ ಸಾಫ್ಟ್‌ವೇರ್ ಲೈಬ್ರರಿ ಓಪನ್‌ಸಿವಿ ಜೊತೆ ಬರುವ, ಫೋಟೋದಲ್ಲಿ ಮುಖ ಎಲ್ಲಿದೆ ಅಂತ ಹುಡುಕುವ ಹಾರ್ ಕ್ಯಾಸ್ಕೇಡ್ 2001ರಲ್ಲಿ ಪ್ರಕಟವಾದ ವಿಧಾನದ ಮೇಲೆ ನಿಂತಿದೆ. ಹೆಚ್ಚಿನವರು ಬಳಸುವ ಅದರ ಫೈಲ್ ನೇರ ಮುಖಕ್ಕಾಗಿ ತಯಾರಾದದ್ದು. ಮುಖ ವಾಲಿದರೆ, ಬೆಳಕು ಕೆಟ್ಟರೆ ಅದು ಸುಲಭವಾಗಿ ತಪ್ಪುತ್ತದೆ. ಹಾಗಾಗಿ ಕ್ಯಾಮೆರಾ ಎಲ್ಲಿರಬೇಕು ಅನ್ನುವ ಒಂದೇ ಪ್ರಶ್ನೆಗೆ ಉತ್ತರ ಬದಲಾದರೆ ಕೋಡ್, ಡೇಟಾ, ಪರೀಕ್ಷೆ ಎಲ್ಲವೂ ಬದಲಾಗುತ್ತವೆ.

ಗೈಡ್ ಹೇಳಿದಂತೆ ಬಾಗಿಲಿನದ್ದನ್ನೇ ಮಾಡಿದೆವು. ಎರಡನೇ ಹಂತದ ರಿವ್ಯೂನಲ್ಲಿ ಎಚ್‌ಒಡಿ ಮೊದಲ ಸಲ ಓಡುವ ಪ್ರಾಜೆಕ್ಟ್ ನೋಡಿದರು. "ಒಬ್ಬರಿಗೆ 5 ಸೆಕೆಂಡ್ ಅಂದರೆ 60 ಜನಕ್ಕೆ 5 ನಿಮಿಷ ಬಾಗಿಲಲ್ಲೇ ಕ್ಯೂ. ಇದನ್ನು ಯಾರು ಬಳಸ್ತಾರೆ?" ಅಂದರು. ಪ್ರಶ್ನೆ ನ್ಯಾಯವಾದದ್ದೇ. ಅದನ್ನು ಆರು ತಿಂಗಳ ಹಿಂದೆ ಕೇಳಬೇಕಿತ್ತು. ಗೈಡ್ ಮಾತ್ರ ಆ ದಿನ ಒಂದು ಮಾತೂ ಆಡಲಿಲ್ಲ. ಬಾಗಿಲಿನ ಕ್ಯಾಮೆರಾ ಅವರದೇ ಯೋಚನೆ ಅನ್ನುವುದಕ್ಕೆ ನಮ್ಮ ಹತ್ತಿರ ಒಂದು ಸಾಲಿನ ದಾಖಲೆಯೂ ಇರಲಿಲ್ಲ, ಎಲ್ಲವೂ ಬಾಯಿಮಾತು.

ಇನ್ನು "99% ನಿಖರತೆ ಅಂತ ಹಾಕಿ, ಚೆನ್ನಾಗಿರುತ್ತೆ" ಅಂತ ಮೊದಲ ರಿವ್ಯೂನಲ್ಲೇ ಸಲಹೆ ಬಂದಿತ್ತು. ಇಂಥ ಸಂಖ್ಯೆಯನ್ನು ದಯವಿಟ್ಟು ಸುಮ್ನೆ ಒಪ್ಪಿಕೊಳ್ಳಬೇಡಿ. 60 ಜನರ ಕ್ಲಾಸು, ದಿನಕ್ಕೆ 6 ಪೀರಿಯಡ್ ಅಂದರೆ 360 ಹಾಜರಾತಿ. 100ಕ್ಕೆ ಒಂದು ತಪ್ಪಿದರೂ ದಿನಕ್ಕೆ ಮೂರು ನಾಲ್ಕು ತಪ್ಪು. ವಿಟಿಯು ಪರೀಕ್ಷೆಗೆ 85% ಹಾಜರಾತಿ ಕೇಳುತ್ತದೆ. ಅಂಚಿನಲ್ಲಿರುವ ಹುಡುಗಿಯೊಬ್ಬಳು ಕ್ಲಾಸಿನಲ್ಲಿ ಕೂತಿದ್ದೂ ಗೈರು ಅಂತ ಬಿದ್ದರೆ ಅವಳ ಪರೀಕ್ಷೆಗೇ ಕುತ್ತು. ಬಾರದವನಿಗೆ ಹಾಜರಾತಿ ಬೀಳುವುದು ಬೇರೆಯೇ ತಪ್ಪು. ಯಾವ ತಪ್ಪು ಎಷ್ಟರವರೆಗೆ ಸಹ್ಯ ಅಂತ ಬೇರೆ ಬೇರೆಯಾಗಿ ಬರೆಯದೆ 99% ಅಂದರೆ ಅದಕ್ಕೆ ಅರ್ಥವೇ ಇಲ್ಲ.

ವೈವಾ ದಿನ ಎಕ್ಸ್‌ಟರ್ನಲ್, ಅಂದರೆ ಹೊರಗಿನಿಂದ ಬಂದ ಪರೀಕ್ಷಕರು, ನಮ್ಮ ತಂಡದವನೊಬ್ಬನ ಫೋಟೋವನ್ನು ಮೊಬೈಲ್ ಪರದೆಯಲ್ಲಿ ಕ್ಯಾಮೆರಾ ಮುಂದೆ ಹಿಡಿದರು. ಹಾಜರಾತಿ ಬಿತ್ತು. "ಪ್ರಾಕ್ಸಿ, ಅಂದ್ರೆ ಬಾರದವರ ಹಾಜರಾತಿ ಬೇರೆಯವರು ಹಾಕಿಸೋದು, ಅದನ್ನ ತಡೆಯೋದು ನಿಮ್ಮ ಗುರಿಯಲ್ಲಿ ಇತ್ತಾ, ಇರಲಿಲ್ವಾ? ರಿಪೋರ್ಟ್‌ನಲ್ಲಿ ತೋರಿಸಿ" ಅಂದರು. ರಿಪೋರ್ಟ್‌ನ ರಿಕ್ವೈರ್‌ಮೆಂಟ್ (ಅಗತ್ಯಗಳ) ಅಧ್ಯಾಯದಲ್ಲಿ ಇದ್ದದ್ದು ಐ5 ಪ್ರೊಸೆಸರ್, 8 ಜಿಬಿ ರ್‍ಯಾಮ್, ವಿಂಡೋಸ್ 10, ಕೊನೆಗೆ "ಯೂಸರ್ ಫ್ರೆಂಡ್ಲಿ ಆಗಿರಬೇಕು" ಅನ್ನುವ ಸಾಲು. ಡಿಪಾರ್ಟ್‌ಮೆಂಟ್ ಮಾದರಿ ಅಂತ ಕೊಟ್ಟ ರಿಪೋರ್ಟ್‌ನಲ್ಲಿ ರಿಕ್ವೈರ್‌ಮೆಂಟ್ ಅಂದರೆ ಅಷ್ಟೇ. ಅದು ಅಂಗಡಿಗೆ ಕೊಡುವ ಕಂಪ್ಯೂಟರ್ ಪಟ್ಟಿ, ವ್ಯವಸ್ಥೆ ಏನು ಮಾಡಬೇಕು ಅನ್ನುವುದಲ್ಲ. ಹಲವು ಕಡೆ ಇವತ್ತಿಗೂ ಸಾಫ್ಟ್‌ವೇರ್‌ನ ಅಗತ್ಯಗಳನ್ನು ಹೇಗೆ ಬರೆಯಬೇಕು ಅಂತ ಹೇಳುವ 1998ರ ಐಇಇಇ 830 ಮಾನದಂಡದ ತಲೆಬರಹಗಳನ್ನೇ ನಕಲು ಮಾಡಿಸುತ್ತಾರೆ. ಅದರ ಜಾಗಕ್ಕೆ 29148 ಅನ್ನುವ ಹೊಸ ಮಾನದಂಡ 2011ರಲ್ಲೇ ಬಂದಿದೆ. ಹಳೆಯದೇ ಇರಲಿ, ಪ್ರತಿ ಅಗತ್ಯವನ್ನೂ ಪರೀಕ್ಷಿಸಿ ನೋಡಲು ಬರಬೇಕು ಅಂತ ಅದೂ ಹೇಳುತ್ತದೆ. ಆ ಭಾಗವನ್ನು ನಮಗೆ ಯಾರೂ ತೋರಿಸಲಿಲ್ಲ. ಅಂಕ ಹೋಯಿತು. ರಾತ್ರಿಯೆಲ್ಲ ಕೂತು ಕೆಲಸ ಮಾಡಿದ ಗೆಳೆಯರು ಒಬ್ಬರ ಮೇಲೊಬ್ಬರು ಸಿಟ್ಟಾಗಿ ಮಾತು ಬಿಟ್ಟರು. ನನಗೆ ಅಂಕಕ್ಕಿಂತ ಜಾಸ್ತಿ ನೋವಾಗಿದ್ದು ಅದೇ.

ಹಾಗಾಗಿ ಕೇಳಿಕೊಳ್ಳುತ್ತೇನೆ. ಯಾರು, ಎಲ್ಲಿ, ಯಾವ ಹೊತ್ತಿನಲ್ಲಿ ಬಳಸುತ್ತಾರೆ ಅನ್ನುವುದನ್ನು ಒಂದು ಪುಟದಲ್ಲಿ ಬರೆಯಿರಿ. ಪ್ರತಿ ಸಾಲಿನ ಪಕ್ಕ ಅದನ್ನು ಹೇಗೆ ಪರೀಕ್ಷಿಸುತ್ತೀರಿ ಅಂತ ಹಾಕಿ. "ವೇಗವಾಗಿರಬೇಕು" ಬೇಡ, "ಮುಖ ತೋರಿಸಿದ 2 ಸೆಕೆಂಡಿನೊಳಗೆ ಹೆಸರು ಬರಬೇಕು" ಅಂತ ಬರೆಯಿರಿ. ಇರಲೇಬೇಕಾದದ್ದು ಯಾವುದು, ಇದ್ದರೆ ಒಳ್ಳೆಯದು ಯಾವುದು, ಈ ಸಲ ಮಾಡುವುದೇ ಇಲ್ಲ ಅನ್ನುವುದು ಯಾವುದು ಅಂತ ಬೇರೆ ಮಾಡಿ. ಮೂರನೆಯದು ನಿಮ್ಮನ್ನು ತುಂಬಾ ಕಾಪಾಡುತ್ತದೆ. ಫೋಟೋದಿಂದ ಮೋಸ ಮಾಡುವುದನ್ನು ಈ ಸಲ ತಡೆಯುತ್ತಿಲ್ಲ ಅಂತ ಮೊದಲೇ ಬರೆದಿದ್ದರೆ ವೈವಾದಲ್ಲಿ ತೋರಿಸಲು ಒಂದು ಸಾಲಾದರೂ ಇರುತ್ತದೆ. ಡೇಟಾ ಯಾರು ಕೊಡುತ್ತಾರೆ, ಯಾವ ದಿನದೊಳಗೆ ಅನ್ನುವುದೂ ಆ ಪುಟದಲ್ಲೇ ಇರಲಿ. ಮುಖದ ಫೋಟೋ ಅಂದರೆ ಪ್ರತಿಯೊಬ್ಬರ ಒಪ್ಪಿಗೆಯೂ ಬೇಕು. ಇಂಟರ್ನಲ್ಸ್, ಪ್ಲೇಸ್‌ಮೆಂಟ್ ಓಡಾಟ ಕಳೆದು ಉಳಿಯುವ ವಾರಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ.

ಆ ಪುಟಕ್ಕೆ ಗೈಡ್ ಮತ್ತು ಎಚ್‌ಒಡಿ ಇಬ್ಬರ ಸಹಿಯನ್ನೂ ಪ್ರಾಜೆಕ್ಟ್ ಡೈರಿಯಲ್ಲಿ ಹಾಕಿಸಿಕೊಳ್ಳಿ. ಸಹಿ ಹಾಕಲು ಹಿಂದೆಮುಂದೆ ನೋಡಿದರೆ ಅವತ್ತೇ ಸಂಜೆ "ಸರ್, ಇವತ್ತು ಮಾತಾಡಿದ್ದು ಇಷ್ಟು" ಅಂತ ಇಬ್ಬರಿಗೂ ಇಮೇಲ್ ಕಳಿಸಿ ಇಟ್ಟುಕೊಳ್ಳಿ. ನಡುವೆ ಯಾರಾದರೂ "ಇದಕ್ಕೊಂದು ಆಪ್ ಕೂಡ ಸೇರಿಸಿ" ಅಂದರೆ ತಕ್ಷಣ ತಲೆಯಾಡಿಸಬೇಡಿ. ಪುಟವನ್ನು ಮುಂದಿಟ್ಟು "ಮೇಡಂ, ಇದನ್ನು ಸೇರಿಸಿದರೆ ಇದರಲ್ಲಿ ಯಾವುದನ್ನು ಬಿಡೋಣ?" ಅಂತ ಗೌರವದಿಂದಲೇ ಕೇಳಿ, ಅವರು ಹೇಳಿದ್ದನ್ನು ತಾರೀಕು ಹಾಕಿ ಅಲ್ಲೇ ಬರೆದುಕೊಳ್ಳಿ.