ಮಂಡಿ ಆಪರೇಷನ್ ನಂತರ ಫಿಸಿಯೋ: ಮನೆಗೆ ಕರೆಸೋದಾ, ಕ್ಲಿನಿಕ್‌ಗೆ ಹೋಗೋದಾ?

ಅಮ್ಮನಿಗೆ ಮಂಡಿ ಬದಲಿಸಿದ್ದಾರೆ, ಯಾವುದು ಒಳ್ಳೇದು ಎಂದು ಕೇಳಿದ್ದೀರಿ. ಮೊದಲ 2-3 ವಾರ ವಾಕರ್ ಹಿಡಿದು ಆಟೋ ಹತ್ತಿ ಇಳಿಯುವುದೇ ದೊಡ್ಡ ಕಷ್ಟ. ಮಹಡಿ ಮನೆಯಾದರೆ ಮನೆಗೇ ಕರೆಸಿ. ಖರ್ಚು ಸಾಮಾನ್ಯವಾಗಿ ಜಾಸ್ತಿ. ಆದರೆ ನಿಮ್ಮ ಹೊಸ್ತಿಲು, ನಿಮ್ಮ ಬಚ್ಚಲಲ್ಲೇ ನಡೆಯುವುದನ್ನು ಕಲಿಸುತ್ತಾರೆ.

ಕಾಲಿಗೆ ಬಲ ಬರಲು ಕ್ಲಿನಿಕ್ ವಾಸಿ. ಸೈಕಲ್, ಹಿಡಿದು ನಡೆಯುವ ಕಂಬಿ, ಎದುರಿಗೆ ಕನ್ನಡಿ ಇರುತ್ತವೆ. ಕುಂಟುತ್ತಿದ್ದರೆ ಅಮ್ಮನಿಗೇ ಕಾಣುತ್ತದೆ, ಅಲ್ವಾ? 6 ವಾರವಾದರೂ ಮಂಡಿ 90 ಡಿಗ್ರಿ ಮಡಚದಿದ್ದರೆ ಸರ್ಜನ್‌ಗೂ ತೋರಿಸಿ.

ಎರಡರಲ್ಲಿ ಯಾವುದನ್ನೇ ಆರಿಸಿದರೂ, ದಿನದ ವ್ಯಾಯಾಮ ತಪ್ಪಿಸಬೇಡಿ. ಹಿಮ್ಮಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು, ಮಂಡಿಯನ್ನು ಕೆಳಕ್ಕೆ ಒತ್ತಿ 5 ಸೆಕೆಂಡ್ ಹಿಡಿಯಬೇಕು. ಮಂಡಿ ಕೆಳಗೆ ಮಾತ್ರ ದಿಂಬು ಬೇಡ. ಹಾಯೆನಿಸುತ್ತದೆ, ಆದರೆ ಕಾಲು ಪೂರ್ತಿ ನೆಟ್ಟಗಾಗುವುದಿಲ್ಲ.