ಎಂಜಿಬಿಗೆ ಆಯಿಲ್ ಕೂಲರ್ ಪೈಪ್ ಹಾಕಿಸುವವರು ಇದನ್ನು ಓದಿ

ಹಾಸನದ ಒಂದು ಗ್ಯಾರೇಜಿನಲ್ಲಿ ಮೋಸ ಹೋಗಿದ್ದೇನೆ. ಬರೆಯಲು ನಾಚಿಕೆಯಾಗುತ್ತಿದೆ. ಆದರೆ ಇನ್ನೊಬ್ಬರು ಅಲ್ಲಿಗೆ ಹೋಗಬಾರದು.

ನಮ್ಮದು 1967ರ ಎಂಜಿಬಿ, ಬ್ರಿಟನ್ನಿನ ಹಳೆಯ ಸ್ಪೋರ್ಟ್ಸ್ ಕಾರು. ಕಾಫಿಗೆ ಒಳ್ಳೆಯ ಬೆಲೆ ಬಂದ ವರ್ಷ ಅಪ್ಪ ಕೊಂಡ ಕಾರು. ಎಂಜಿನ್ ಎಣ್ಣೆಯನ್ನು ತಂಪಾಗಿಸುವ ಆಯಿಲ್ ಕೂಲರ್ ರೇಡಿಯೇಟರಿನ ಮುಂದಿದೆ. ಅಲ್ಲಿಂದ ಒಂದು ಪೈಪ್ ಎಂಜಿನ್ ಬ್ಲಾಕಿನ ಹಿಂಭಾಗಕ್ಕೆ, ಇನ್ನೊಂದು ಆಯಿಲ್ ಫಿಲ್ಟರಿಗೆ ಬರುತ್ತದೆ. ರೇಡಿಯೇಟರ್ ಕೂರುವ ತಗಡಿನಲ್ಲಿ ಪೈಪುಗಳಿಗೆಂದೇ ಕಾರ್ಖಾನೆಯಲ್ಲಿ ಮಾಡಿದ ತೂತುಗಳಿವೆ, ಅಂಚು ಪೈಪನ್ನು ಕೊಯ್ಯದಂತೆ ರಬ್ಬರ್ ಬಳೆ, ಅಂದರೆ ಗ್ರಾಮೆಟ್ ಇರುತ್ತದೆ. ಕಾರು ಓಡುವಾಗ ಎಣ್ಣೆಯ ಒತ್ತಡ 50ರಿಂದ 80 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್). ಇದು ನೀರಿನ ಪೈಪಲ್ಲ!

ಹಳೆಯ ಪೈಪುಗಳ ರಬ್ಬರ್ ಬಿರುಕು ಬಿಟ್ಟಿತ್ತು. "ಇಂತಹ ಕಾರು ಎಷ್ಟೋ ಮಾಡಿದ್ದೇನೆ ಸರ್, ಹೊರದೇಶದ ಪೈಪನ್ನೇ ಹಾಕುತ್ತೇನೆ" ಎಂದ ಗ್ಯಾರೇಜಿನವ. ಹದಿನೆಂಟು ಸಾವಿರ ಕೊಟ್ಟೆ. ಕಾರು ತರಲು ಹೋದಾಗ ಬಾನೆಟ್ ಎತ್ತಿ ತೋರಿಸಿದ. ಮೇಲಿನಿಂದ ಎಲ್ಲವೂ ಫಳಫಳ ಹೊಳೆಯುತ್ತಿತ್ತು. ಕೆಳಗೆ ಬಗ್ಗಿ ನೋಡಲಿಲ್ಲ. ಅಲ್ಲೇ ನಾನು ಕೆಟ್ಟೆ.

ಮೂರನೆಯ ದಿನ ಚಿಕ್ಕಮಗಳೂರಿನಿಂದ ಕೈಮರದ ಕಡೆಗೆ ಏರು ಹತ್ತುತ್ತಿದ್ದೆ. ಎಣ್ಣೆಯ ಒತ್ತಡ ತೋರಿಸುವ ಮೀಟರಿನಲ್ಲಿ 60ರಲ್ಲಿದ್ದ ಮುಳ್ಳು 20ಕ್ಕೆ ಬಂತು, ನೋಡುತ್ತಿದ್ದಂತೆಯೇ ಸೊನ್ನೆ. ತಕ್ಷಣ ಎಂಜಿನ್ ನಿಲ್ಲಿಸಿದೆ. ಹಿಂದೆ ತಿರುಗಿ ನೋಡಿದರೆ ತಿರುವಿನ ಉದ್ದಕ್ಕೂ ಎಣ್ಣೆಯ ಗೆರೆ. ಬೈಕಿನವರು ಯಾರಾದರೂ ಜಾರಿ ಬಿದ್ದಿದ್ದರೆ? ಪಕ್ಕದ ತೋಟದ ಕೆಲಸದವರು ಬುಟ್ಟಿಗಳಲ್ಲಿ ಮಣ್ಣು ತಂದು ರಸ್ತೆಗೆ ಸುರಿದರು. ಅವರ ಮುಂದೆ ತಲೆ ಎತ್ತಲಾಗಲಿಲ್ಲ.

ಕಾರಿನ ಕೆಳಗೆ ಮಲಗಿ ನೋಡಿದಾಗ ಹೊಟ್ಟೆ ಉರಿಯಿತು. ಆತ ತಂದ ಪೈಪ್ ಮೂಲ ತೂತಿನ ದಾರಿಯಲ್ಲಿ ಹೋಗುವಷ್ಟು ಉದ್ದವಿರಲಿಲ್ಲ. ಅದಕ್ಕೆ ತಗಡಿನಲ್ಲೇ ಹೊಸ ತೂತು ಕೊರೆದಿದ್ದಾನೆ! ಗ್ರಾಮೆಟ್ ಇಲ್ಲ, ಅಂಚನ್ನು ಅರದಿಂದ ಉಜ್ಜಿಯೂ ಇಲ್ಲ. ಎಂಜಿನ್ ಅದುರಿದಾಗಲೆಲ್ಲ ಆ ಅಂಚು ಪೈಪನ್ನು ಗರಗಸದಂತೆ ಕೊಯ್ದಿದೆ. ಪೈಪಿನ ತುದಿಗೆ ಒತ್ತಿ ಕೂರಿಸಿದ ಫಿಟಿಂಗ್ ಕೂಡ ಇಲ್ಲ, ತಿರುಪಿನ ಕ್ಲಿಪ್ ಬಿಗಿದಿದ್ದಾನೆ. ಎಣ್ಣೆ ಒರೆಸಿದಾಗ ಪೈಪಿನ ಮೇಲಿನ ಅಕ್ಷರ ಕಂಡಿತು: ಡೀಸೆಲ್ ಹೋಸ್. ಬಿಲ್ಲಿನಲ್ಲಿ ಇಂಪೋರ್ಟೆಡ್ ಎಂದು ಬರೆದಿದೆ. ಆ ಬಿಲ್ಲನ್ನು ಕೈಯಲ್ಲಿ ಹಿಡಿದು ಎಷ್ಟೋ ಹೊತ್ತು ಅಲ್ಲೇ ಕುಳಿತಿದ್ದೆ.

ಫೋನ್ ಮಾಡಿದೆ. "ಹಳೆಯ ಗಾಡಿ ಸರ್, ಎಣ್ಣೆ ಸೋರುವುದು ಮಾಮೂಲು." ಫೋಟೊ ಕಳಿಸಿದೆ. "ಗ್ರಾಮೆಟ್ ಹಾಕಿದ್ದೆ, ನೀವೇ ಎಲ್ಲೋ ಬಿಚ್ಚಿಸಿದ್ದೀರಿ." ಡೀಸೆಲ್ ಹೋಸ್ ಬಗ್ಗೆ ಕೇಳಿದರೆ, "ಎಣ್ಣೆಗೆ ಎಣ್ಣೆ ಪೈಪೇ ಅಲ್ಲವೇ?" ಈ ಮಾತನ್ನು ನಾನು ಮರೆಯುವುದಿಲ್ಲ. ನನ್ನ ಹಳೆಯ ಪೈಪುಗಳೆಲ್ಲಿ ಎಂದರೆ ಗುಜರಿಗೆ ಹಾಕಿದನಂತೆ. ಅವುಗಳ ತುದಿಯಲ್ಲಿ ತಿರುಗಿಸಿ ಬಿಗಿಯುವ ಲೋಹದ ಯೂನಿಯನ್‌ಗಳು ಗಟ್ಟಿಯಾಗಿದ್ದವು, ಹೊಸ ರಬ್ಬರ್ ಹಾಕಿಸಿದ್ದರೆ ಸಾಕಿತ್ತು.

ಹಣ ಕೊಡುವ ಮುನ್ನ ಕಾರನ್ನು ಜಾಕ್ ಮೇಲೆ ಎತ್ತಿಸಿ, ಟಾರ್ಚ್ ಹಿಡಿದು ನೀವೇ ನೋಡಿ. ಹಳೆಯ ಭಾಗಗಳನ್ನು ಕೈಗೆ ಪಡೆಯದೆ ಬರಬೇಡಿ. ತಗಡಿನಲ್ಲಿ ಹೊಸ ತೂತು ಕಂಡರೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಹಳೆಯ ಯೂನಿಯನ್‌ಗಳನ್ನಾದರೂ ಹುಡುಕಿಕೊಡಿ ಎಂದು ನಿನ್ನೆ ಮತ್ತೆ ಸಂದೇಶ ಕಳಿಸಿದೆ. ಓದಿದ್ದಾನೆ. ಉತ್ತರ ಬಂದಿಲ್ಲ.